ಕಿಡಿ ಯಾವಾಗ ಹಾರಬೇಕು ಅಂತ ನಿರ್ಧರಿಸೋದು ಯಾರು? ಒಂದು ಹಳೆಯ ಬೀಟಲ್, ಹೊಸ ಪೆಟ್ರೋಲ್ ಮತ್ತು ಸುಟ್ಟ ಪಿಸ್ಟನ್

ಕಳೆದ ಬೇಸಿಗೆಯಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ವಾಪಸ್ ಬರುವಾಗ ಶಿರಾಡಿ ಘಾಟಿಯ ಅರ್ಧ ದಾರಿಯಲ್ಲಿ ನಮ್ಮ ಕಾರು ಕೈಕೊಟ್ಟಿತು. 1966ರ ಫೋಕ್ಸ್‌ವ್ಯಾಗನ್ ಬೀಟಲ್. ನನ್ನ ಸೋದರಮಾವ ಮೂವತ್ತು ವರ್ಷ ಜೋಪಾನ ಮಾಡಿದ ಗಾಡಿ, ಈಗ ಮೂರು ವರ್ಷದಿಂದ ನನ್ನ ಹತ್ತಿರ ಇದೆ. ಒಳಗೆ ನಾಲ್ಕು ಜನ, ಜೊತೆಗೆ ಲಗೇಜು. ಏರು ಶುರುವಾದಾಗಿನಿಂದ ಎಂಜಿನ್ ಕಡೆಯಿಂದ ಸಣ್ಣಗೆ ಟಿಣ್ ಟಿಣ್ ಸದ್ದು, ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ. ಟ್ಯಾಪೆಟ್ ಸದ್ದಿರಬೇಕು ಅಂದುಕೊಂಡು ಹಾಡಿನ ವಾಲ್ಯೂಮ್ ಏರಿಸಿದೆ. ಇಪ್ಪತ್ತು ನಿಮಿಷದಲ್ಲಿ ಗಾಡಿ ಎಳೆಯೋದೇ ನಿಲ್ಲಿಸಿತು. ಹಿಂದೆ ನೀಲಿ ಹೊಗೆ.

ಬೆಂಗಳೂರಿಗೆ ಟೋ ಮಾಡಿಸಿ ಎಂಜಿನ್ ಬಿಚ್ಚಿದಾಗ ಮೂರನೇ ಸಿಲಿಂಡರಿನ ಪಿಸ್ಟನ್ ತಲೆಯ ಅಂಚು ಕರಗಿತ್ತು, ರಿಂಗ್ ಕೂರುವ ಜಾಗ ಒಡೆದಿತ್ತು. ಫೋಟೋ ಕಳಿಸಿದೆ. ಮಾಮ ತಕ್ಷಣ ಫೋನ್ ಮಾಡಿದರು.

“ಏನೇ ಮಾಡ್ದೆ ಅದಕ್ಕೆ?”

“ಏನೂ ಮಾಡಿಲ್ಲ ಮಾಮ. ಡಿಸ್ಟ್ರಿಬ್ಯೂಟರ್ ಬದಲಾಯಿಸಿದೆ, ಅಷ್ಟೇ.”

ಆ ‘ಅಷ್ಟೇ’ ಎಷ್ಟು ದೊಡ್ಡದು ಅನ್ನೋದನ್ನು ವಿವರಿಸೋದೇ ಈ ಲೇಖನ. ರಾಜಕೀಯ ಚರ್ಚೆಯ ಜಾಗದಲ್ಲಿ ಕಾರಿನ ಬಿಡಿಭಾಗದ ಕತೆ ಯಾಕೆ ಅಂತ ನಿಮಗನ್ನಿಸಬಹುದು. ಕಾರಣ ಇದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ, ರಿಪೇರಿ ಮಾಡಿಕೊಳ್ಳುವ ಹಕ್ಕಿನ ಬಗ್ಗೆ, ಕಾರಿನೊಳಗಿನ ಸಾಫ್ಟ್‌ವೇರ್ ಯಾರ ಮಾತು ಕೇಳಬೇಕು ಅನ್ನೋದರ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಈ ಮೂರೂ ಪ್ರಶ್ನೆಗಳು ಅಂಗೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಿನಲ್ಲಿ ಬಂದು ಸೇರುತ್ತವೆ. ಆ ವಸ್ತು ಇಗ್ನಿಷನ್ ಡಿಸ್ಟ್ರಿಬ್ಯೂಟರ್.

ಎರಡು ಮಿಲಿಸೆಕೆಂಡಿನ ಲೆಕ್ಕ

ಪೆಟ್ರೋಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲಕ್ಕೆ ಬಂದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ, ಪ್ಲಗ್ ಕಿಡಿ ಹಾರಿಸುತ್ತದೆ, ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಶಾಲೆಯಲ್ಲಿ ಇಷ್ಟು ಓದಿರುತ್ತೇವೆ. ಶಾಲೆಯಲ್ಲಿ ಹೇಳದೇ ಇದ್ದದ್ದು ಏನೆಂದರೆ, ಕಿಡಿ ಹಾರಿದ ಕ್ಷಣಕ್ಕೇ ಎಲ್ಲವೂ ಉರಿದುಹೋಗುವುದಿಲ್ಲ. ಬೆಂಕಿ ಹರಡಲು ಸಮಯ ಬೇಕು. ಒತ್ತಡ ಗರಿಷ್ಠಕ್ಕೆ ಏರಬೇಕಾದದ್ದು ಪಿಸ್ಟನ್ ತುದಿ ಮುಟ್ಟಿ, ಸ್ವಲ್ಪ ಕೆಳಗೆ ಇಳಿದ ಮೇಲೆ. ಹಾಗಾಗಬೇಕಾದರೆ ಪಿಸ್ಟನ್ ತುದಿ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು. ಎಷ್ಟು ಮುಂಚೆ ಅನ್ನುವುದನ್ನು ಕ್ರ್ಯಾಂಕ್‌ಶಾಫ್ಟ್ ತಿರುಗುವ ಡಿಗ್ರಿಗಳಲ್ಲಿ ಹೇಳುತ್ತಾರೆ. ಅದಕ್ಕೇ ‘ಅಡ್ವಾನ್ಸ್’ ಅಂತ ಹೆಸರು.

ಬೆಂಕಿ ಹರಡಲು 2 ಮಿಲಿಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಎಂಜಿನ್ 900 ಆರ್‌ಪಿಎಂನಲ್ಲಿ ಐಡಲ್ ಆಗುತ್ತಿದ್ದರೆ ಅಷ್ಟು ಹೊತ್ತಿನಲ್ಲಿ ಕ್ರ್ಯಾಂಕ್ ಸುಮಾರು 11 ಡಿಗ್ರಿ ತಿರುಗುತ್ತದೆ. 3000 ಆರ್‌ಪಿಎಂನಲ್ಲಿ ಅದೇ 2 ಮಿಲಿಸೆಕೆಂಡಿಗೆ 36 ಡಿಗ್ರಿ. ಅಂದರೆ ವೇಗ ಹೆಚ್ಚಿದಷ್ಟೂ ಕಿಡಿ ಬೇಗ ಹಾರಬೇಕು. ಆದರೆ ವೇಗ ಹೆಚ್ಚಾದಾಗ ಸಿಲಿಂಡರಿನೊಳಗೆ ಗಾಳಿಯ ಸುಳಿಯೂ ಹೆಚ್ಚಾಗಿ ಬೆಂಕಿ ಬೇಗ ಹರಡುವುದರಿಂದ, ಒಂದು ಹಂತದ ನಂತರ ಅಡ್ವಾನ್ಸ್ ಹೆಚ್ಚಿಸುವ ಅಗತ್ಯ ಇರುವುದಿಲ್ಲ. ಗ್ರಾಫ್ ಹಾಕಿದರೆ ಗೆರೆ ಏರುತ್ತಾ ಹೋಗಿ ಸಮತಟ್ಟಾಗುತ್ತದೆ. ಇದೇ ‘ಕರ್ವ್’.

ಇದರ ಜೊತೆ ಇನ್ನೊಂದು ಲೆಕ್ಕ ಇದೆ, ಲೋಡ್‌ನದ್ದು. ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ ಹೋಗುವಾಗ ಸಿಲಿಂಡರಿಗೆ ಕಡಿಮೆ ಮಿಶ್ರಣ ಹೋಗುತ್ತದೆ. ವಿರಳವಾದ ಮಿಶ್ರಣ ನಿಧಾನ ಉರಿಯುತ್ತದೆ, ಅದಕ್ಕೆ ಹೆಚ್ಚು ಅಡ್ವಾನ್ಸ್ ಬೇಕು. ಏರಿನಲ್ಲಿ ಪೂರ್ತಿ ಒತ್ತಿದಾಗ ಮಿಶ್ರಣ ದಟ್ಟ, ಉರಿ ವೇಗ, ಅಡ್ವಾನ್ಸ್ ಕಡಿಮೆ ಬೇಕು. ಆಗಲೂ ಕಿಡಿ ಬೇಗ ಹಾರಿದರೆ ಒತ್ತಡ ಮಿತಿಮೀರಿ ಏರಿ, ಇನ್ನೂ ಉರಿಯದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಅದೇ ನಾಕಿಂಗ್. ನಾನು ಘಾಟಿಯಲ್ಲಿ ಕೇಳಿಸಿಕೊಂಡ ಗೋಲಿ ಸದ್ದು ಅದೇ.

ಈಗಿನ ಕಾರುಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ. ಸಿಡಿತ ಕೇಳಿಸಿದ ಕೂಡಲೇ ಕಂಪ್ಯೂಟರ್ ಕಿಡಿಯನ್ನು ತಡ ಮಾಡುತ್ತದೆ. ಹಳೆಯ ಬೀಟಲ್‌ನಲ್ಲಿ ಇರುವ ನಾಕ್ ಸೆನ್ಸರ್ ಅಂದರೆ ಓಡಿಸುವವರ ಕಿವಿ ಮಾತ್ರ. ನಾನು ಅದರ ಮೇಲೆ ಹಾಡು ಹಾಕಿದ್ದೆ.

ನೀರಿಲ್ಲದ ಎಂಜಿನ್ನಿನ ಕಷ್ಟ

ಬೀಟಲ್ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ಒಂದು ಫ್ಯಾನ್ ಬೀಸುವ ಗಾಳಿ ಸಿಲಿಂಡರಿನ ರೆಕ್ಕೆಗಳ ಮೇಲೆ ಹಾದು ಬಿಸಿಯನ್ನು ಒಯ್ಯುತ್ತದೆ, ಉಳಿದದ್ದನ್ನು ಆಯಿಲ್ ಒಯ್ಯುತ್ತದೆ. ಈ ಸರಳತೆಯಿಂದಲೇ ಈ ಕಾರು ಜರ್ಮನಿ, ಬ್ರೆಜಿಲ್, ಮೆಕ್ಸಿಕೊ ಎಲ್ಲೆಡೆ ಬದುಕಿತು. 2003ರ ಜುಲೈ 30ರಂದು ಮೆಕ್ಸಿಕೊದ ಪ್ವೆಬ್ಲಾದಲ್ಲಿ ಕೊನೆಯ ಬೀಟಲ್ ಹೊರಬರುವ ಹೊತ್ತಿಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು.

ಆದರೆ ನೀರು ಮಾಡುವ ಒಂದು ಉಪಕಾರ ಇಲ್ಲಿ ಸಿಗುವುದಿಲ್ಲ. ನೀರಿನ ಎಂಜಿನ್‌ನಲ್ಲಿ ಬಿಸಿ ನಾಲ್ಕೂ ಸಿಲಿಂಡರಿಗೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತದೆ. ಬೀಟಲ್‌ನ ಹಳೆಯ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಕವಚದ ಒಳಗೇ, ಮೂರನೇ ಸಿಲಿಂಡರಿನ ಮೇಲೆ ನಿಂತಿರುತ್ತದೆ. ಆ ಸಿಲಿಂಡರಿಗೆ ಹೋಗುವ ಗಾಳಿಗೆ ಅದು ಅಡ್ಡ. 1971ರ ಮಾಡೆಲ್‌ನಿಂದ ಕೂಲರನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ಬೇರೆ ಗಾಳಿದಾರಿ ಕೊಟ್ಟರು. ಅದಕ್ಕೂ ಮುಂಚೆ ಕಂಪನಿಯೇ ಕೆಲವು ಡಿಸ್ಟ್ರಿಬ್ಯೂಟರ್‌ಗಳಲ್ಲಿ ಮೂರನೇ ಸಿಲಿಂಡರಿನ ಕಿಡಿ ಮಾತ್ರ ಕೆಲವು ಡಿಗ್ರಿ ತಡವಾಗಿ ಹಾರುವಂತೆ ಕ್ಯಾಮ್ ಕೆತ್ತಿತ್ತು. ಬಿಸಿ ಯಾರ ಮೇಲೆ ಹೆಚ್ಚು ಬೀಳುತ್ತದೆ ಅಂತ ತಿಳಿದವರು ಅವರ ಪಾಲಿನ ಹೊರೆ ಇಳಿಸಿದ್ದರು. ನನ್ನ ಗಾಡಿಯಲ್ಲಿ ಸುಟ್ಟದ್ದು ಇದೇ ಮೂರನೇ ಪಿಸ್ಟನ್.

ಯಾವ ಡಿಸ್ಟ್ರಿಬ್ಯೂಟರ್, ಯಾರಿಗೆ?

ಬೀಟಲ್ ಇಟ್ಟುಕೊಂಡವರ ಮುಂದೆ ಈಗ ಐದು ದಾರಿಗಳಿವೆ.

ಒಂದು, ಮೂಲದ ವ್ಯಾಕ್ಯೂಮ್ ಡಿಸ್ಟ್ರಿಬ್ಯೂಟರ್. 1960ರ ದಶಕದ ಬಹುಪಾಲು ಬೀಟಲ್‌ಗಳಲ್ಲಿ ಅಡ್ವಾನ್ಸ್ ಆಗುತ್ತಿದ್ದದ್ದು ಕಾರ್ಬೊರೇಟರ್‌ನಿಂದ ಬರುವ ವ್ಯಾಕ್ಯೂಮ್‌ನಿಂದ ಮಾತ್ರ. ಜೊತೆಯ ಕಾರ್ಬೊರೇಟರ್ ಮೂಲದ್ದೇ ಆಗಿದ್ದರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾರ್ಬೊರೇಟರ್ ಬದಲಾಗಿದ್ದರೆ ಇಬ್ಬರ ಲೆಕ್ಕ ತಾಳೆಯಾಗುವುದಿಲ್ಲ.

ಎರಡು, ‘009’. ಬಾಷ್ ಕಂಪನಿಯ ಪಾರ್ಟ್ ನಂಬರಿನ ಕೊನೆಯ ಮೂರು ಅಂಕಿಗಳೇ ಇದರ ಹೆಸರಾಗಿಬಿಟ್ಟಿವೆ. ಇದರಲ್ಲಿ ವ್ಯಾಕ್ಯೂಮ್ ಇಲ್ಲ. ತಿರುಗುವ ತೂಕಗಳು ಮತ್ತು ಸ್ಪ್ರಿಂಗ್‌ಗಳು ವೇಗ ನೋಡಿ ಅಡ್ವಾನ್ಸ್ ಕೊಡುತ್ತವೆ, ಲೋಡ್ ಎಷ್ಟು ಅಂತ ಅವಕ್ಕೆ ಗೊತ್ತಾಗುವುದಿಲ್ಲ. ಒಂದೇ ವೇಗದಲ್ಲಿ ಓಡುವ ಎಂಜಿನ್ನಿಗೆ, ವ್ಯಾಕ್ಯೂಮ್ ಕೊಂಡಿ ಇಲ್ಲದ ಜೋಡಿ ಕಾರ್ಬೊರೇಟರಿಗೆ ಇದು ಸರಿ. ಮೂಲದ ಒಂಟಿ ಕಾರ್ಬೊರೇಟರಿನ ಜೊತೆ ಹಾಕಿದರೆ ಸಿಗ್ನಲ್‌ನಿಂದ ಹೊರಡುವಾಗ ಗಾಡಿ ಒಂದು ಕ್ಷಣ ಉಸಿರು ಕಟ್ಟುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಿಂದಿನ ಬಸ್ಸು ಹಾರ್ನ್ ಹೊಡೆಯುವಾಗ ಆ ಒಂದು ಕ್ಷಣ ಎಷ್ಟು ದೀರ್ಘ ಅಂತ ನನ್ನನ್ನು ಕೇಳಿ. ಮಾಮನ ಕಾಲದಲ್ಲಿ ಯಾರೋ ಹಾಕಿಕೊಟ್ಟಿದ್ದ 009 ಅನ್ನು ತೆಗೆಯಲೇಬೇಕು ಅಂತ ನಾನು ಹಟ ಹಿಡಿದದ್ದೇ ಅದಕ್ಕೆ.

ಮೂರು, ವ್ಯಾಕ್ಯೂಮ್ ಮತ್ತು ತೂಕ ಎರಡೂ ಇರುವ ಡಿಸ್ಟ್ರಿಬ್ಯೂಟರ್. ವೇಗವನ್ನೂ ನೋಡುತ್ತದೆ, ಲೋಡನ್ನೂ ನೋಡುತ್ತದೆ. ಎಂಜಿನ್ನಿನಲ್ಲಿ ಯಾವ ಮಾರ್ಪಾಡೂ ಮಾಡದವರಿಗೆ ಕಣ್ಣುಮುಚ್ಚಿ ಹೇಳಬಹುದಾದ ಆಯ್ಕೆ ಇದು. ಕಾರ್ಬೊರೇಟರಿನಲ್ಲಿ ವ್ಯಾಕ್ಯೂಮ್ ಕೊಂಡಿ ಇದೆಯೇ ಅಂತ ಮೊದಲು ನೋಡಿ.

ನಾಲ್ಕು, ಸಿದ್ಧ ಕರ್ವ್‌ಗಳಿರುವ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್. 123ಇಗ್ನಿಷನ್ ಎಂಬ ಡಚ್ ಕಂಪನಿಯದ್ದು ಇದರಲ್ಲಿ ಹೆಸರುವಾಸಿ. ಪಾಯಿಂಟ್ ಇಲ್ಲ, ಸ್ಪ್ರಿಂಗ್ ಇಲ್ಲ. ಒಳಗೆ 16 ಕರ್ವ್‌ಗಳು ಇರುತ್ತವೆ, ಸಣ್ಣ ಸ್ಕ್ರೂಡ್ರೈವರ್‌ನಿಂದ ಸ್ವಿಚ್ ತಿರುಗಿಸಿ ನಿಮ್ಮ ಎಂಜಿನ್ನಿಗೆ ಹೊಂದುವುದನ್ನು ಆರಿಸಿಕೊಳ್ಳಬೇಕು.

ಐದು, ಕರ್ವನ್ನು ನೀವೇ ಬರೆಯಬಹುದಾದ ಡಿಸ್ಟ್ರಿಬ್ಯೂಟರ್. ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ, ಅಥವಾ ಫೋನಿಗೆ ಬ್ಲೂಟೂತ್‌ನಿಂದ ಸೇರಿಸಿ, ಯಾವ ವೇಗಕ್ಕೆ ಎಷ್ಟು, ಯಾವ ಒತ್ತಡಕ್ಕೆ ಎಷ್ಟು ಅಂತ ನೀವೇ ಬರೆಯಬಹುದು. ನಾನು ಕೊಂಡದ್ದು ಈ ಜಾತಿಯದ್ದು.

ಕೊಳ್ಳುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಗಾಡಿ 6 ವೋಲ್ಟೋ 12 ವೋಲ್ಟೋ? 1960ರ ದಶಕದ ಬಹಳಷ್ಟು ಬೀಟಲ್‌ಗಳು 6 ವೋಲ್ಟ್‌ನವು, ಎಲ್ಲ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್‌ಗಳೂ ಅದಕ್ಕೆ ಹೊಂದುವುದಿಲ್ಲ. ಇಗ್ನಿಷನ್ ಕಾಯಿಲ್‌ನ ಪ್ರತಿರೋಧ ತಯಾರಕರು ಹೇಳಿದ ಮಿತಿಯಲ್ಲಿದೆಯೇ? ಕೊನೆಯದಾಗಿ, ನಿಮಗೆ ಅಳೆಯಲು ಸಮಯ ಮತ್ತು ಮನಸ್ಸು ಇದೆಯೇ? ಈ ಮೂರನೆಯದಕ್ಕೆ ಉತ್ತರ ‘ಇಲ್ಲ’ ಅಂತಾದರೆ ಐದನೆಯ ದಾರಿ ಬೇಡ, ಮೂರನೆಯದೋ ನಾಲ್ಕನೆಯದೋ ಸಾಕು.

ಹೊಂದಿಸುವ ಕ್ರಮ

ಟೈಮಿಂಗ್ ಮುಟ್ಟುವ ಮೊದಲು ಉಳಿದದ್ದೆಲ್ಲ ಸರಿ ಇರಬೇಕು. ತಣ್ಣಗಿನ ಎಂಜಿನ್‌ನಲ್ಲಿ ವಾಲ್ವ್ ಗ್ಯಾಪ್ ನೋಡಿ, ಸಾಮಾನ್ಯವಾಗಿ 0.15 ಮಿಲಿಮೀಟರ್. ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್ ಆದರೆ ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್. ಇದನ್ನು ಮೊದಲು ಮಾಡಲೇಬೇಕು, ಯಾಕೆಂದರೆ ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪ್ಲಗ್ ಗ್ಯಾಪ್ ಸುಮಾರು 0.7.

ನಂತರ ಪುಲ್ಲಿಯ ಮೇಲೆ ಗುರುತು. ಡಿಗ್ರಿ ಕೆತ್ತಿದ ಪುಲ್ಲಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪುಲ್ಲಿಯ ಸುತ್ತಳತೆಯನ್ನು ದಾರದಿಂದ ಅಳೆದು ಹನ್ನೆರಡರಿಂದ ಭಾಗಿಸಿ. ಬಂದದ್ದು 30 ಡಿಗ್ರಿ. ಪಿಸ್ಟನ್ ತುದಿಯಲ್ಲಿರುವುದನ್ನು ತೋರಿಸುವ ಗುರುತಿನಿಂದ ಬಲಕ್ಕೆ ಅಷ್ಟು ದೂರದಲ್ಲಿ ಬಿಳಿ ಬಣ್ಣದ ಗೆರೆ ಎಳೆಯಿರಿ. ಹಿಂದಿನಿಂದ ನೋಡಿದರೆ ಪುಲ್ಲಿ ಗಡಿಯಾರದ ದಿಕ್ಕಿನಲ್ಲಿ ತಿರುಗುವುದರಿಂದ ಬಲಗಡೆಯ ಗೆರೆಯೇ ಮೊದಲು ಬರುತ್ತದೆ.

ಎಂಜಿನ್ ಪೂರ್ತಿ ಬಿಸಿಯಾಗಲಿ. ವ್ಯಾಕ್ಯೂಮ್ ಹೋಸ್ ಇದ್ದರೆ ಕಿತ್ತು ಅದರ ಬಾಯಿ ಮುಚ್ಚಿ. ಟೈಮಿಂಗ್ ಲೈಟ್ ಹಿಡಿದು ಎಂಜಿನ್ನನ್ನು ನಿಧಾನವಾಗಿ 3500 ಆರ್‌ಪಿಎಂವರೆಗೆ ಏರಿಸಿ. ಗುರುತು ಸರಿಯುವುದು ನಿಂತ ಜಾಗವೇ ಗರಿಷ್ಠ ಅಡ್ವಾನ್ಸ್. ಬೀಟಲ್‌ನಲ್ಲಿ ಅದು 28ರಿಂದ 32 ಡಿಗ್ರಿಯೊಳಗೆ ಇರಬೇಕು. ನಮ್ಮ ಬಿಸಿಲಿಗೆ, ಘಾಟಿಗಳಿಗೆ 28 ಅನ್ನೇ ಹಿಡಿಯಿರಿ. ಡಿಸ್ಟ್ರಿಬ್ಯೂಟರನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಕಿಡಿ ತಡವಾಗುತ್ತದೆ, ವಿರುದ್ಧ ತಿರುಗಿಸಿದರೆ ಬೇಗವಾಗುತ್ತದೆ. ಗರಿಷ್ಠವನ್ನು ಸರಿಮಾಡಿ ಕ್ಲ್ಯಾಂಪ್ ಬಿಗಿ ಮಾಡಿದ ಮೇಲೆ ಐಡಲ್‌ನಲ್ಲಿ ಎಷ್ಟು ಬರುತ್ತದೆ ಅಂತ ನೋಡಿ. ತೂಕವಿರುವ ಡಿಸ್ಟ್ರಿಬ್ಯೂಟರ್ ಚೆನ್ನಾಗಿದ್ದರೆ 5ರಿಂದ 10ರ ನಡುವೆ ಇರುತ್ತದೆ. ಕಡೆಗೆ ಹೋಸ್ ಹಾಕಿ. ಮೂಲದ ವ್ಯಾಕ್ಯೂಮ್ ಡಿಸ್ಟ್ರಿಬ್ಯೂಟರಿಗೆ ಮಾತ್ರ ಈ ಕ್ರಮ ಬೇರೆ. ಅದನ್ನು ನಿಂತ ಎಂಜಿನ್‌ನಲ್ಲಿ, ಪುಸ್ತಕ ಹೇಳಿದ ಡಿಗ್ರಿಗೆ ಇಡಬೇಕು. 1300 ಎಂಜಿನ್ನಿಗೆ ಅದು 7.5.

ಹಲವರು ಐಡಲ್‌ನಲ್ಲಿ ಮಾತ್ರ ನೋಡಿ ಬಿಟ್ಟುಬಿಡುತ್ತಾರೆ. ಐಡಲ್‌ನಲ್ಲಿ ಎರಡು ಡಿಗ್ರಿ ಆಚೀಚೆಯಾದರೆ ಗಾಡಿ ಸ್ವಲ್ಪ ನಡುಗಬಹುದು, ಅಷ್ಟೇ. ಗರಿಷ್ಠದಲ್ಲಿ ಐದು ಡಿಗ್ರಿ ಹೆಚ್ಚಾದರೆ ಪಿಸ್ಟನ್ ಹೋಗುತ್ತದೆ.

ಕರ್ವ್ ಬರೆಯುವವರು ಹೀಗೆ ಶುರುಮಾಡಬಹುದು: 900ಕ್ಕೆ 8 ಡಿಗ್ರಿ, 1500ಕ್ಕೆ 13, 2500ಕ್ಕೆ 22, 3300ಕ್ಕೆ 28, ಆಮೇಲೆ ಸಮತಟ್ಟು. ಹಗುರ ಲೋಡಿನಲ್ಲಿ ಇದರ ಮೇಲೆ 8 ಡಿಗ್ರಿ ಸೇರಿಸಿ, ಪೂರ್ತಿ ಒತ್ತಿದಾಗ ಸೊನ್ನೆ. ಐಡಲ್ ವೇಗಕ್ಕಿಂತ ಸ್ವಲ್ಪ ಕೆಳಗೆ, ಅಂದರೆ 700ರ ಹತ್ತಿರ, ಎರಡು ಮೂರು ಡಿಗ್ರಿ ಹೆಚ್ಚು ಕೊಟ್ಟರೆ ಎಂಜಿನ್ ಬೀಳಲು ಹೊರಟಾಗ ತಾನೇ ಎದ್ದು ನಿಲ್ಲುತ್ತದೆ. ಇದು ಆರಂಭದ ಜಾಗ ಮಾತ್ರ. ಮುಂದಿನ ಪ್ರತಿ ಬದಲಾವಣೆ ಒಂದು ಡಿಗ್ರಿ, ಒಂದು ಓಟ, ಒಂದು ಟಿಪ್ಪಣಿ.

ನಾನು ಮಾಡಿದ್ದು

ನಾನು ಮೇಲಿನ ಯಾವುದನ್ನೂ ಮಾಡಿರಲಿಲ್ಲ. ಯುರೋಪಿನ ಯಾರೋ ಹವ್ಯಾಸಿ ಹಂಚಿಕೊಂಡಿದ್ದ ಕರ್ವನ್ನು ಹಾಗೇ ಇಳಿಸಿಕೊಂಡೆ. ಅದರಲ್ಲಿ ಪೂರ್ತಿ ಒತ್ತಿದಾಗಲೂ 34 ಡಿಗ್ರಿ ಇತ್ತು. ಬೆಂಗಳೂರಲ್ಲಿ ಗಾಡಿ ಹಕ್ಕಿಯ ಹಾಗೆ ಓಡಿತು. ಸಿಗ್ನಲ್‌ನ ಉಸಿರುಕಟ್ಟು ಮಾಯ. ಸದ್ದಿಲ್ಲ. ಎರಡು ತಿಂಗಳು ಎಲ್ಲರ ಹತ್ತಿರ ಕೊಚ್ಚಿಕೊಂಡೆ.

ಪಿಸ್ಟನ್ ಹೋದ ಮೇಲೆ, ಎಂಜಿನ್ ಇಳಿಸುವ ಮುಂಚೆ, ನಮ್ಮ ಮೆಕ್ಯಾನಿಕ್ ಭಾಯ್ ಒಂದು ಕೆಲಸ ಮಾಡಿದರು. ಉಳಿದ ಮೂರು ಸಿಲಿಂಡರಿನಲ್ಲಿ ಎರಡು ನಿಮಿಷ ಸ್ಟಾರ್ಟ್ ಮಾಡಿಸಿ ಟೈಮಿಂಗ್ ಲೈಟ್ ಹಿಡಿದರು.

“ಫೋನಲ್ಲಿ ಎಷ್ಟು ತೋರಿಸ್ತಿದೆ ಮೇಡಂ?”

“ಎಂಟು.”

“ಪುಲ್ಲೀಲಿ ಹನ್ನೊಂದಿದೆ ನೋಡಿ.”

ಮೂರು ಡಿಗ್ರಿ ವ್ಯತ್ಯಾಸ. ಡಿಸ್ಟ್ರಿಬ್ಯೂಟರನ್ನು ಕೂರಿಸುವಾಗ ಅದರ ಸೊನ್ನೆಯನ್ನು ಎಂಜಿನ್ನಿನ ಗುರುತಿಗೆ ಸರಿಯಾಗಿ ಹೊಂದಿಸದೆ ಕ್ಲ್ಯಾಂಪ್ ಬಿಗಿ ಮಾಡಿದ್ದೆ. ಫೋನ್ ತೋರಿಸುವುದು ಡಿಸ್ಟ್ರಿಬ್ಯೂಟರ್ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಲೆಕ್ಕ. ನಿಜವಾದ ಲೆಕ್ಕ ಪುಲ್ಲಿಯ ಮೇಲಿದೆ. ನನ್ನ 34 ನಿಜದಲ್ಲಿ 37 ಆಗಿತ್ತು.

ಹಾಗಾದರೆ ಬೆಂಗಳೂರಲ್ಲಿ ಯಾಕೆ ಸದ್ದು ಬರಲಿಲ್ಲ? ಊರಿನ ಎತ್ತರದಿಂದ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್, ಮಂಗಳೂರಿನಲ್ಲಿ 101. ಸಿಲಿಂಡರಿಗೆ ಹೋಗುವ ಗಾಳಿಯೇ ಶೇ. 10ರಷ್ಟು ಕಡಿಮೆ, ಹಾಗಾಗಿ ಒತ್ತಡವೂ ಕಡಿಮೆ, ತಪ್ಪು ಟೈಮಿಂಗ್ ಕೂಡ ಕ್ಷಮೆ ಪಡೆಯುತ್ತದೆ. ನಗರದಲ್ಲಿ ಪೂರ್ತಿ ಒತ್ತುವುದೂ ಐದಾರು ಸೆಕೆಂಡ್ ಮಾತ್ರ. ಘಾಟಿಯ ಬುಡದಲ್ಲಿ ಗಾಳಿ ದಟ್ಟ, ಮೇಲೆ ಬೇಸಿಗೆಯ ಸೆಕೆ, ನಾಲ್ಕು ಜನರ ಭಾರ, ಇಪ್ಪತ್ತು ನಿಮಿಷ ಎಡೆಬಿಡದ ಏರು. ಬೆಂಗಳೂರಲ್ಲಿ ಬರೆದ ಕಾನೂನನ್ನು ಕರಾವಳಿಗೆ ಹಾಗೇ ಹೇರಿದಂತಾಯಿತು.

ಇದರ ಜೊತೆ ಇನ್ನೊಂದು ಇತ್ತು. ಪೆಟ್ರೋಲ್.

ಪೆಟ್ರೋಲ್ ಬದಲಾಯಿತು, ಹೊಂದಾಣಿಕೆ ಬದಲಾಗಲಿಲ್ಲ

ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ದೇಶದಲ್ಲಿ ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಶೇ. 20ರ ಗುರಿ ಮೊದಲು 2030ಕ್ಕೆ ಇತ್ತು, ಅದನ್ನು 2025ಕ್ಕೆ ಎಳೆದು ತಂದು ಮುಟ್ಟಿಯೂ ಆಯಿತು.

ಎಥನಾಲ್‌ನ ಆಕ್ಟೇನ್ ಹೆಚ್ಚು, ನಾಕಿಂಗ್ ತಡೆಯುವ ಗುಣ ಅದಕ್ಕಿದೆ. ಸರ್ಕಾರ ಇದನ್ನು ಹೇಳುತ್ತದೆ, ಅದು ನಿಜವೂ ಹೌದು. ಆದರೆ ಎಥನಾಲ್‌ನೊಳಗೇ ಆಮ್ಲಜನಕ ಇದೆ. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಲೆಕ್ಕ ಹಾಕಿದರೆ ಇ20ಗೆ ಸುಮಾರು 13.5. ಇಂಜೆಕ್ಷನ್ ಇರುವ ಕಾರಿನಲ್ಲಿ ಸೆನ್ಸರ್ ಇದನ್ನು ನೋಡಿ ಒಂದಷ್ಟು ಸರಿಮಾಡಿಕೊಳ್ಳುತ್ತದೆ. ಕಾರ್ಬೊರೇಟರ್ ಒಂದು ತೂತು ಅಷ್ಟೇ, ಅದಕ್ಕೆ ಗೊತ್ತಾಗುವುದಿಲ್ಲ. ಅದು ಮೊದಲಿನಷ್ಟೇ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣ, ಪೂರ್ತಿ ಲೋಡ್, ಬೇಗ ಹಾರುವ ಕಿಡಿ, ಗಾಳಿಯನ್ನೇ ನಂಬಿದ ಎಂಜಿನ್: ಮೂರನೇ ಪಿಸ್ಟನ್ನಿಗೆ ಬೇರೆ ಶತ್ರು ಬೇಕಿರಲಿಲ್ಲ.

ಪರಿಹಾರ ಕಷ್ಟದ್ದಲ್ಲ. ಸುಮಾರು ಶೇ. 8ರಿಂದ 9ರಷ್ಟು ಹೆಚ್ಚು ಇಂಧನ ಬೇಕು ಅಂದರೆ ಜೆಟ್‌ನ ತೂತಿನ ವ್ಯಾಸ ಶೇ. 4ರಷ್ಟು ದೊಡ್ಡದಾದರೆ ಸಾಕು. 125ರ ಮೇನ್ ಜೆಟ್ ಇದ್ದ ಜಾಗಕ್ಕೆ 130. ಹಳೆಯ ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವ ಪೈಪಿಗೆ ಬದಲಾಯಿಸಬೇಕು. ಒಂದು ಉದ್ದ ಓಟದ ನಂತರ ಪ್ಲಗ್ ತೆಗೆದು ನೋಡಬೇಕು. ಮೈಕೋ ಪ್ಲಗ್ಗಿನ ಕಾಲದಿಂದ ಬೆಂಗಳೂರಿನ ಗ್ಯಾರೇಜುಗಳಲ್ಲಿ ನಡೆದುಬಂದ ಪರೀಕ್ಷೆ ಇದು: ಮೂತಿ ಕಾಫಿಪುಡಿಯ ಬಣ್ಣ ಇದ್ದರೆ ಸರಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಮಿಶ್ರಣ ತೆಳು.

ಇಷ್ಟು ಸರಳವಾದದ್ದನ್ನು ಯಾರು ಹೇಳಬೇಕಿತ್ತು? ನೀತಿ ಆಯೋಗವೇ 2021ರ ತನ್ನ ಎಥನಾಲ್ ಮಾರ್ಗಸೂಚಿಯಲ್ಲಿ ಒಂದು ಮಾತು ಹೇಳಿದೆ: ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಗೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ ಇಂಧನ ಕ್ಷಮತೆ ಶೇ. 6ರಿಂದ 7ರಷ್ಟು ಇಳಿಯಬಹುದು, ಎಂಜಿನ್ನಿನ ಬಿಡಿಭಾಗ ಮತ್ತು ಟ್ಯೂನಿಂಗ್ ಬದಲಾಯಿಸಿದರೆ ಆ ನಷ್ಟ ತಗ್ಗಿಸಬಹುದು. ಟ್ಯೂನಿಂಗ್ ಅನ್ನುವ ಪದ ಸರ್ಕಾರಿ ಕಾಗದದಲ್ಲಿದೆ. ಅದನ್ನು ಮಾಡಿಕೊಡುವವರು ಯಾರು, ಖರ್ಚು ಯಾರದು ಅನ್ನುವುದು ಪಂಪಿನಲ್ಲಿ ಎಲ್ಲೂ ಬರೆದಿಲ್ಲ. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯಾದರೂ ಕೊಡಿ ಎಂದು ಕೇಳಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು.

ಇದೇ ಬೀಟಲ್‌ನ ಇನ್ನೊಂದು ತವರಾದ ಬ್ರೆಜಿಲ್ ಈ ದಾರಿಯಲ್ಲಿ ನಮಗಿಂತ ಬಹಳ ಮುಂಚೆ ನಡೆದಿದೆ. 1973ರ ತೈಲ ಬಿಕ್ಕಟ್ಟಿನ ನಂತರ, 1975ರಲ್ಲಿ, ಅಲ್ಲಿನ ಸೇನಾ ಸರ್ಕಾರ ಕಬ್ಬಿನ ಆಲ್ಕೋಹಾಲ್ ಯೋಜನೆ ತಂದಿತು. ಅದು ಪ್ರಜಾಪ್ರಭುತ್ವವೇನೂ ಆಗಿರಲಿಲ್ಲ, ಕಬ್ಬಿನ ದೊಡ್ಡ ಕುಳಗಳಿಗೆ ಅದರಿಂದ ಲಾಭವೂ ಆಯಿತು. ಆದರೆ ಶುದ್ಧ ಆಲ್ಕೋಹಾಲ್‌ಗೆ ಹೋದಾಗ ಅದಕ್ಕೆಂದೇ ಬೇರೆ ಎಂಜಿನ್ ಬಂತು: ಹೆಚ್ಚು ಕಂಪ್ರೆಷನ್, ಬೇರೆ ಕಾರ್ಬೊರೇಟರ್, ಬೇರೆ ಟೈಮಿಂಗ್. 2003ರಲ್ಲಿ ಫೋಕ್ಸ್‌ವ್ಯಾಗನ್ ಅಲ್ಲಿ ಬಿಟ್ಟ ಗೋಲ್ ಕಾರಿನ ಫ್ಲೆಕ್ಸ್ ಎಂಜಿನ್ ಟ್ಯಾಂಕಿನಲ್ಲಿ ಯಾವ ಇಂಧನ ಇದೆಯೆಂದು ತಾನೇ ತಿಳಿದು ಕಿಡಿಯ ಸಮಯ ಬದಲಾಯಿಸಿಕೊಳ್ಳುತ್ತಿತ್ತು. ಇಂಧನದ ಜೊತೆ ಎಂಜಿನ್ನಿನ ಹೊಂದಾಣಿಕೆಯೂ ಬದಲಾಗಬೇಕು ಅನ್ನುವುದು ಅಲ್ಲಿ ಕಾರ್ಖಾನೆಯ ಜವಾಬ್ದಾರಿಯಾಗಿತ್ತು.

ನಾನು ಎಥನಾಲ್ ವಿರೋಧಿಯಲ್ಲ. ತೈಲ ಆಮದು ಇಳಿಯಬೇಕು, ಕಬ್ಬು ಮೆಕ್ಕೆಜೋಳ ಬೆಳೆದವರಿಗೆ ಬೆಲೆ ಸಿಗಬೇಕು. ನನ್ನ ತಕರಾರು ಇಷ್ಟೇ: ನೀತಿ ಬದಲಾಯಿಸಿದವರು ಅದರ ಟ್ಯೂನಿಂಗ್ ಖರ್ಚನ್ನು ಸದ್ದಿಲ್ಲದೆ ಬಳಕೆದಾರರ ಮೇಲೆ ದಾಟಿಸಬಾರದು. ಹಳೆಯ ಬೀಟಲ್ ಶೋಕಿಯ ಗಾಡಿ, ನನ್ನ ಪಿಸ್ಟನ್ನಿಗಾಗಿ ಯಾರೂ ಕಣ್ಣೀರು ಹಾಕಬೇಕಿಲ್ಲ. ಆದರೆ ಇದೇ ಲೆಕ್ಕ ಹಳೆಯ ಕಾರ್ಬೊರೇಟರ್ ಬೈಕಿನಲ್ಲಿ ದುಡಿಯಲು ಹೋಗುವವರಿಗೂ ಅನ್ವಯಿಸುತ್ತದೆ.

ಬೀಗ ಹಾಕಿದ ಕರ್ವ್

ಹಾಗಾದರೆ ಎಲ್ಲರೂ ತಮ್ಮ ಕರ್ವ್ ತಾವೇ ಬರೆದುಕೊಳ್ಳಲಿ ಅನ್ನೋಣವೇ? ಇಲ್ಲಿ ನನಗೆ ಎರಡು ಮನಸ್ಸಿದೆ.

ಬೀಗ ಹಾಕಿದ ಸಾಫ್ಟ್‌ವೇರ್ ಏನು ಮಾಡಬಲ್ಲದು ಅನ್ನುವುದಕ್ಕೆ ಬೀಟಲ್ ಮಾಡಿದ ಕಂಪನಿಯೇ ಉದಾಹರಣೆ. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಯಲು ಮಾಡಿದಂತೆ, ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಕಂಪ್ಯೂಟರ್ ಹೊಗೆ ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗ ಮಾತ್ರ ಸಭ್ಯವಾಗಿ ನಡೆದುಕೊಳ್ಳುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳು. 1966ರ ಡಿಸ್ಟ್ರಿಬ್ಯೂಟರ್ ಹೀಗೆ ಸುಳ್ಳು ಹೇಳಲು ಸಾಧ್ಯವಿರಲಿಲ್ಲ. ಕ್ಯಾಪ್ ತೆಗೆದರೆ ಸ್ಪ್ರಿಂಗ್ ಕಾಣುತ್ತದೆ, ಲೈಟ್ ಹಿಡಿದರೆ ಡಿಗ್ರಿ ಕಾಣುತ್ತದೆ. ಅದೇ 2015ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ವಾಹನದ ಮಾಲೀಕರು ರಿಪೇರಿಗಾಗಿ ಅದರ ಸಾಫ್ಟ್‌ವೇರ್ ತೆರೆಯುವುದಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಅಲ್ಲಿಗೆ ಕಂಪನಿಗಳು ಏನನ್ನು ತೆರೆದಿಡುತ್ತವೆ ಅನ್ನುವುದನ್ನು ನಾವು ಕೇಳುತ್ತಲೇ ಇರಬೇಕು.

ಆದರೆ ನನ್ನ ಕೈಯಲ್ಲಿ ಬೀಗದ ಕೈ ಇತ್ತಲ್ಲ. ಯಾವ ಕಂಪನಿಯೂ ಅಡ್ಡ ಬರಲಿಲ್ಲ. ಫೋನ್ ತೆರೆದೆ, ಬೇರೆಯವರ ಅಂಕಿಗಳನ್ನು ತುಂಬಿದೆ, ಅಳೆಯಲಿಲ್ಲ, ಎಂಜಿನ್ ಕೂಗಿದಾಗ ಹಾಡು ಹಾಕಿದೆ. ಬದಲಾಯಿಸುವ ಹಕ್ಕು ಮತ್ತು ಪರೀಕ್ಷಿಸುವ ಅಭ್ಯಾಸ ಬೇರೆ ಬೇರೆ. ಮೊದಲನೆಯದಕ್ಕಾಗಿ ನಾವು ಹೋರಾಡುತ್ತೇವೆ. ಎರಡನೆಯದು ಭಾಯ್ ಥರದವರ ಕೈಯಲ್ಲಿದೆ, ಅವರ ಗ್ಯಾರೇಜು ಮುಚ್ಚಿದರೆ ಅದೂ ಹೋಗುತ್ತದೆ. ರಿಪೇರಿ ಹಕ್ಕು ಅಂತ ಘೋಷಣೆ ಕೂಗುವಾಗ ಆ ಕೈಗಳ ಲೆಕ್ಕವೂ ಇರಲಿ.

ಈಗ ಗಾಡಿಗೆ ಹೊಸ ಪಿಸ್ಟನ್ ಸೆಟ್ ಬಿದ್ದಿದೆ. ಜೆಟ್ 130. ಡಿಸ್ಟ್ರಿಬ್ಯೂಟರ್ ಅದೇ, ಕರ್ವ್ ಹೊಸದು. ಪೂರ್ತಿ ಒತ್ತಿದಾಗ 28, ಅದಕ್ಕಿಂತ ಒಂದು ಡಿಗ್ರಿಯೂ ಇಲ್ಲ. ಫೋನಿನ ಅಂಕಿ ಪುಲ್ಲಿಯ ಗೆರೆಗೆ ತಾಳೆಯಾಗುತ್ತದೆ, ಎರಡು ಸಲ ನೋಡಿದ್ದೇನೆ. ಹೋದ ತಿಂಗಳು ಮಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಮಂಗಳೂರಿಗೆ ಹೋಗಿ ಶಿರಾಡಿ ಹತ್ತಿಸಿಕೊಂಡು ಬಂದೆ. ಗುಂಡ್ಯ ದಾಟಿ ಏರು ಶುರುವಾದಾಗ ಅವರೇ ಕೈ ಚಾಚಿ ಹಾಡು ನಿಲ್ಲಿಸಿದರು.

“ಸಕಲೇಶಪುರ ಬರೋವರೆಗೂ ಇದನ್ನೇ ಕೇಳು,” ಅಂದರು.

ಕಿಟಕಿ ಇಳಿಸಿ ಕೇಳಿಸಿಕೊಂಡೆ. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.